ಐದು ಯೆನ್ನಿನ ಋಣ

ದೇವಾಲಯದ ಬಾಗಿಲಲ್ಲಿ ಚಪ್ಪಲಿಯನ್ನು ಬಿಟ್ಟು ಒಳಹೊಕ್ಕ ನಮ್ಮವರ ಭಕ್ತಿ ಎಂದೂ ಅಖಂಡವಾದುದಲ್ಲ; ಅದರ ಅರ್ಧಾಂಶ ಗರ್ಭಗುಡಿಯ ಕಡೆಗೂ ಉಳಿದರ್ಧ ಬಾಗಿಲ ಕಡೆಗೂ ಮುಖಮಾಡಿ ನಿಂತಿರುತ್ತದೆ. ಎಡಗಾಲಿನದನ್ನು ಒಂದು ಮೂಲೆಯಲ್ಲಿಯೂ ಬಲಗಾಲಿನದನ್ನು ಇನ್ನೊಂದು ಮೂಲೆಯಲ್ಲಿಯೂ ಬಿಟ್ಟು, ಜೋಡಿಯನ್ನು ಕೂಡಿಸುವ ಶ್ರಮಕ್ಕಾದರೂ ಕಳ್ಳನು ಬೇಸರಪಟ್ಟುಕೊಳ್ಳಲಿ ಎಂದು ಹಾರೈಸುವ ವಿದ್ಯೆಯನ್ನು ನಾನು ಬಾಲ್ಯದಲ್ಲಿಯೇ ಕರಗತಮಾಡಿಕೊಂಡವನು. ಸಮುದ್ರವನ್ನು ದಾಟಿದ ಮಾತ್ರಕ್ಕೆ ಕಲಿತ ವಿದ್ಯೆ ಮರೆಯುವುದುಂಟೆ?

ಆದುದರಿಂದ ಜಪಾನಿನ ಕ್ಯೋಟೊ ನಗರದಲ್ಲಿ ಸಂಜೂಸಾಂಗೆಂದೊ ಎಂಬ ಬೌದ್ಧಮಂದಿರಕ್ಕೆ ಹೋದಂದು, ಅಲ್ಲಿನ ಪಾದರಕ್ಷೆಯ ಗೂಡುಗಳಲ್ಲಿ ಒಂದು ಚಪ್ಪಲಿಯನ್ನು ಈ ತುದಿಯಲ್ಲಿಯೂ ಮತ್ತೊಂದನ್ನು ಆ ತುದಿಯಲ್ಲಿಯೂ ಇರಿಸಿಯೇ ಒಳನಡೆದೆನು. ಚಪ್ಪಲಿಯೆಂದರೆ ಹವಾಯಿ ಚಪ್ಪಲಿ. ವಿದೇಶಯಾತ್ರೆಯ ಗೌರವಾರ್ಥವಾಗಿ ಕೊಂಡ ಹೊಸ ಬೂಟುಗಳು ಎರಡನೆಯ ದಿನವೇ ಹಿಮ್ಮಡಿಯನ್ನು ಕಚ್ಚಿ ಮೂಲೆ ಸೇರಿದ್ದುವು.

1266ರಲ್ಲಿ ಮರಳಿ ಕಟ್ಟಿದ ಆ ಮರದ ಮಂದಿರ ಸುಮಾರು 120 ಮೀಟರು ಉದ್ದವಾದುದು. ಅದರೊಳಗೆ ಕರುಣಾಮೂರ್ತಿಯಾದ ಅವಲೋಕಿತೇಶ್ವರನ, ಅಂದರೆ ಅಲ್ಲಿಯವರ ಕನ್ನೊನ್ ದೇವತೆಯ, 1001 ವಿಗ್ರಹಗಳು ಸಾಲುಸಾಲಾಗಿ ನಿಂತಿವೆ. ಎದೆಯ ಮುಂದೆ ಜೋಡಿಸಿದ ಎರಡು ಕೈಗಳಲ್ಲದೆ ವಿಗ್ರಹಕ್ಕೆ ನಲವತ್ತು ಕೈಗಳು. ಒಂದೊಂದು ಕೈಯೂ ಇಪ್ಪತ್ತೈದು ಲೋಕಗಳನ್ನು ಉದ್ಧರಿಸುವುದರಿಂದ ನಲವತ್ತೂ ಸೇರಿ ಸಾವಿರ ಕೈಗಳಿಗೆ ಸಮವೆಂದು ಲೆಕ್ಕ. ಪರಿವಾರದೇವತೆಗಳ ನಡುವೆ ನಮ್ಮ ಗರುಡನೂ ಇದ್ದಾನೆ. ಸ್ವಾಮಿಯು ಮೈಮರೆತಾಗ ಅಪಹರಿಸಿದನೋ ಏನೋ, ಕೊಳಲನ್ನು ಊದುತ್ತಿದ್ದಾನೆ. ಇಷ್ಟೊಂದು ಕೈಗಳ ಸನ್ನಿಧಿಯಲ್ಲಿಯೂ ನನ್ನ ಚಿತ್ತವು ಕಾಲಿನ ವಿಷಯವನ್ನೇ ಧ್ಯಾನಿಸುತ್ತಿದ್ದಿತು.

ಹೊರಬಂದು ನೋಡಿದರೆ ಈ ತುದಿಯಲ್ಲಿಯೂ ಚಪ್ಪಲಿಯಿಲ್ಲ, ಆ ತುದಿಯಲ್ಲಿಯೂ ಇಲ್ಲ! ‘ಲೋಕವೆಲ್ಲ ಒಂದೇ’ ಎಂಬ ವಿಶ್ವಮಾನವತತ್ತ್ವ ನನಗೆ ಆ ಕ್ಷಣದಲ್ಲಿ ಹೊಳೆದಷ್ಟು ಸ್ಪಷ್ಟವಾಗಿ ಎಂದೂ ಹೊಳೆದಿರಲಿಲ್ಲ. ಆದರೆ ಯಾರೋ ಪುಣ್ಯಾತ್ಮರು ಈ ಪರದೇಶಿಯ ಅವ್ಯವಸ್ಥೆಗೆ ಮರುಗಿ ಎರಡನ್ನೂ ಹುಡುಕಿ, ನಡುವಿನ ಗೂಡಿನಲ್ಲಿ ನವದಂಪತಿಗಳಂತೆ ಜೋಡಿಸಿ, ನಾನು ಮೆಟ್ಟಿಕೊಳ್ಳಲು ಅನುಕೂಲವಾಗಲೆಂದು ಮೂತಿಯನ್ನು ಹೊರಕ್ಕೆ ತಿರುಗಿಸಿ ಇಟ್ಟಿದ್ದರು.

ನನ್ನ ಅವಿಶ್ವಾಸಕ್ಕೆ ಚಪ್ಪಲಿಯೇ ಮುನಿಯಿತೆಂದು ತೋರುತ್ತದೆ. ಶಿಚಿಜೊ ಬೀದಿಯಲ್ಲಿ ಕಾಮೊ ನದಿಯ ಕಡೆಗೆ ನೂರು ಹೆಜ್ಜೆ ಇಡುವಷ್ಟರಲ್ಲಿ ಬಲಗಾಲಿನ ಉಂಗುಷ್ಟ ಕಿತ್ತುಹೋಯಿತು. ಹವಾಯಿ ಎಂಬ ಹೆಸರನ್ನು ಹೊತ್ತರೂ ಆ ಚಪ್ಪಲಿಯ ಕುಲಮೂಲ ಜಪಾನಿನ ಜೋರಿ ಎಂಬ ಪಾದರಕ್ಷೆ; ಅಂತೂ ತವರನ್ನು ಮುಟ್ಟಿ ಪ್ರಾಣಬಿಟ್ಟಿತು. ಊರಿನಲ್ಲಾದರೆ ಇದಕ್ಕೆ ಪಿನ್ನು ಪರಮೌಷಧ. ಹೊರಡುವ ದಿನ ನನ್ನಾಕೆ ಬಳೆಯಿಂದ ಆರು ಪಿನ್ನುಗಳನ್ನು ಬಿಚ್ಚಿ, “ರೀ, ಇವನ್ನಾದರೂ ಇಟ್ಟುಕೊಳ್ಳಿ” ಎಂದಾಗ, “ಬುಲೆಟ್ ರೈಲು ಓಡಿಸುವವರ ನಾಡಿನಲ್ಲಿ ಪಿನ್ನಿಗೆ ಬರವೇ?” ಎಂದು ನಕ್ಕಿದ್ದೆನು. ಈಗ ಆ ನಾಡಿನ ನಡುಬೀದಿಯಲ್ಲಿ, ಕೈಯಲ್ಲೊಂದು ಚಪ್ಪಲಿ ಹಿಡಿದು, ಕೊಕ್ಕರೆಯಂತೆ ಒಂಟಿಕಾಲಿನಲ್ಲಿ ನಿಂತಿದ್ದೆನು.

ಆಗ ಎಪ್ಪತ್ತನ್ನು ದಾಟಿದಂತೆ ಕಾಣುತ್ತಿದ್ದ ಅಜ್ಜಿಯೊಬ್ಬರು ಬೀದಿಯನ್ನು ದಾಟಿ ಬಂದರು. ಬಟ್ಟೆಯ ಗಂಟನ್ನು ಕೆಳಗಿಳಿಸಿ ಕುಕ್ಕುರುಗಾಲಿನಲ್ಲಿ ಕುಳಿತು ಕೈಚಾಚಿದರು. ನಮ್ಮಲ್ಲಿ ಕಿರಿಯರು ಹಿರಿಯರ ಪಾದ ಮುಟ್ಟುವುದು ಸಂಪ್ರದಾಯ. ಹಿರಿಯರು ಕಿರಿಯನ ಚಪ್ಪಲಿ ಮುಟ್ಟುವುದಕ್ಕೆ ಪ್ರಾಯಶ್ಚಿತ್ತವೇ ಇಲ್ಲ. “ಅಯ್ಯೋ, ಬೇಡಿ ತಾಯೀ!” ಎಂದು ಶುದ್ಧ ಕನ್ನಡದಲ್ಲಿ ಕೂಗಿದೆನು. ಅವರು ಶುದ್ಧ ಜಪಾನಿಯಲ್ಲಿ ಸಮಾಧಾನ ಹೇಳುತ್ತಲೇ, ತಮ್ಮ ಕೈವಸ್ತ್ರದ ಅಂಚನ್ನು ಹಲ್ಲಿನಿಂದ ಸೀಳಿ, ಹೊಸೆದು, ನಡುವೆ ತೂತಿರುವ ಹಿತ್ತಾಳೆಯ ನಾಣ್ಯವೊಂದನ್ನು ಅದಕ್ಕೆ ಪೋಣಿಸಿ, ಎರಡು ತುದಿಗಳನ್ನೂ ಚಪ್ಪಲಿಯ ಅಡಿಯಿಂದ ಮೇಲಕ್ಕೆ ತೂರಿಸಿ ಪಟ್ಟಿಗೆ ಬಿಗಿದರು. ಅಡಿಯಲ್ಲಿ ನಾಣ್ಯ ಅಡ್ಡನಿಂತಿತು, ಎಳೆದರೂ ಜಪ್ಪೆನ್ನಲಿಲ್ಲ.

ನಾನು ಸಾವಿರ ಯೆನ್ನಿನ ನೋಟನ್ನು ಚಾಚಿದೆನು. ಅಜ್ಜಿ ಮೂಗಿನ ಮುಂದೆ ಕೈಯನ್ನು ಬೀಸಣಿಗೆಯಂತೆ ಆಡಿಸಿದರು. ಚಪ್ಪಲಿಯ ದುರ್ವಾಸನೆಗೆ ಹಾಗೆ ಮಾಡಿದರೆಂದು ಭಾವಿಸಿ ಲಜ್ಜಿತನಾದೆನು. ಅದು ‘ಬೇಡ, ಬೇಡ’ ಎಂಬುದಕ್ಕೆ ಜಪಾನೀಯರ ಮುದ್ರೆಯೆಂದು ಆಮೇಲೆ ತಿಳಿಯಿತು. ಹಣ ಸಲ್ಲದಿದ್ದರೆ ನಮಸ್ಕಾರವಾದರೂ ಸಲ್ಲಲಿ ಎಂದು ಪಾದ ಮುಟ್ಟಲು ಬಗ್ಗಿದರೆ, ನಾನು ಎಡಗಾಲಿನ ಚಪ್ಪಲಿಯನ್ನು ತೋರಿಸುತ್ತಿರುವೆನೆಂದು ತಿಳಿದು ಅವರೂ ಬಗ್ಗಿ, ಅದರ ಉಂಗುಷ್ಟವನ್ನು ಜಗ್ಗಿ ಪರೀಕ್ಷಿಸಿ, ‘ಇದಕ್ಕೇನೂ ಆಗಿಲ್ಲ’ ಎಂಬಂತೆ ತಟ್ಟಿ, ಗಂಟನ್ನೆತ್ತಿಕೊಂಡು ಹೊರಟೇಹೋದರು.

ಅಂದಿನ ರಾತ್ರಿ ವಸತಿಗೃಹದ ಯಜಮಾನರು ಚಪ್ಪಲಿಯನ್ನು ಮಗುಚಿ ನೋಡಿ ನಕ್ಕರು. ಅದು ಐದು ಯೆನ್ನಿನ ನಾಣ್ಯ. ಅವರ ನುಡಿಯಲ್ಲಿ ಐದು ಯೆನ್ನಿಗೆ ‘ಗೋ ಎನ್’ ಎನ್ನುವರು. ಮನುಷ್ಯರ ನಡುವಣ ನಂಟನ್ನು ಗೌರವದಿಂದ ಹೇಳುವ ಮಾತಿಗೂ ಅದೇ ಉಚ್ಚಾರ. ದೇವರ ಮುಂದೆ ಜನ ಆ ನಾಣ್ಯವನ್ನೇ ಆರಿಸಿ ಹಾಕುವುದೂ ಇದರಿಂದಲೇ. ನಾವು ಋಣಾನುಬಂಧವೆಂದು ಎರಡು ಪದಗಳನ್ನು ಸಂಧಿಮಾಡಿ ಹೇಳುವುದನ್ನು ಅವರು ಒಂದೇ ನಾಣ್ಯದಲ್ಲಿ ಟಂಕಿಸಿಬಿಟ್ಟಿದ್ದಾರೆ. ಹೆಸರರಿಯದ ಅಜ್ಜಿಗೆ ಆ ಐದು ಯೆನ್ನನ್ನು ಹಿಂದಿರುಗಿಸುವ ಬಗೆ ಮಾತ್ರ ನನಗೆ ಇಂದಿಗೂ ತೋರಿಲ್ಲ.

ಆದುದರಿಂದ ಊರಿಗೆ ಮರಳಿದವನು ನನ್ನಾಕೆಯಿಂದ ಆ ಆರು ಪಿನ್ನುಗಳನ್ನು ಬೇಡಿ ಪಡೆದು ಜೇಬಿನಲ್ಲಿಟ್ಟುಕೊಂಡು, ಯಾರ ಉಂಗುಷ್ಟವಾದರೂ ಕಿತ್ತೀತೆಂಬ ಸದಾಶಯದಿಂದ ದೇವಸ್ಥಾನದ ಮುಂದೆ ಬಂದುಹೋಗುವವರ ಕಾಲುಗಳನ್ನೇ ನೋಡುತ್ತ ನಿಲ್ಲುತ್ತೇನೆ. ಕಳೆದ ಶನಿವಾರ ಚಪ್ಪಲಿ ಕಾಯುವಾತನು ನನ್ನನ್ನು ಬಹಳ ಹೊತ್ತು ದಿಟ್ಟಿಸಿ, “ಸ್ವಾಮಿ, ಇಲ್ಲಿ ನಿಮ್ಮದು ಯಾವುದೂ ಇಲ್ಲವಲ್ಲ?” ಎಂದು ಕೇಳಿದನು. ಪಿನ್ನುಗಳು ಆರೂ ಹಾಗೆಯೇ ಇವೆ.