ಗಾರೆ ಬೀಳೋ ಮುಂಚೆ

ಏನಮ್ಮ, ಸೋಮವಾರದಿಂದ ಗಾರೆಯವರು ಬರ್ತಾರಂತೆ? ನಿಮ್ಮ ಮೇಸ್ತ್ರಿ ಹೇಳ್ದ. ಸಂತೋಷ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮಿಕ್ಸಿ ಎಲ್ಲಿಡ್ತೀಯ ಅಂತ ನಿನ್ನ ಯಾರಾದ್ರೂ ಕೇಳಿದ್ರಾ?

ಇಲ್ಲ ತಾನೇ? ನಂಗೊತ್ತು. ಮನೆ ಕಟ್ಟೋ ಜನ ವಾಸ್ತು ಹೇಳೋರ ಮನೆಗೆ ಹತ್ತು ಸಲ ಓಡಾಡ್ತಾರೆ, ಒಗ್ಗರಣೆ ಹಾಕೋರನ್ನ ಒಂದು ಸಲ ಕೇಳಲ್ಲ. ಒಲೆ ಆಗ್ನೇಯಕ್ಕೆ ಬಂತು, ಸರಿ. ಆ ಒಲೆ ಪಕ್ಕ ನಿಂತು ಚಟ್ನಿ ರುಬ್ಬೋಕೆ ಪ್ಲಗ್ಗು ಎಲ್ಲಿ? ಅಗೋ, ಫ್ರಿಜ್ಜು ಬರೋ ಮೂಲೇಲಿ, ಫ್ರಿಜ್ಜಿನ ಬೆನ್ನ ಹಿಂದೆ. ಆಮೇಲೆ ಎಕ್ಸ್‌ಟೆನ್ಶನ್ ಬಾಕ್ಸ್ ತಂದು ಸಿಂಕಿನ ಮೇಲಿಂದ ವೈರು ಎಳ್ಕೊಂಡು ರುಬ್ತೀರ. ಹೊಸಾ ಮನೆ, ಹಳೇ ಪಾಡು.

ಮಾಲೂರು ಇಟ್ಟಿಗೆ ಇನ್ನೂ ಕಣ್ಣಿಗೆ ಕಾಣ್ತಿದೆ, ಅದೇ ನಿನ್ನ ಪುಣ್ಯ. ಒಂದು ಸೀಮೆಸುಣ್ಣ ತಗೊಂಡು ಒಳಗೆ ಹೋಗು. ಇಲ್ಲಿ ಗ್ರೈಂಡರು, ಇಲ್ಲಿ ನೀರಿನ ಫಿಲ್ಟರು ಅಂತ ಗೋಡೆ ಮೇಲೇ ಬರಿ. ಫಿಲ್ಟರಿಗೆ ಕರೆಂಟೂ ಬೇಕು, ನೀರೂ ಬೇಕು, ಬೇಡದ ನೀರು ಆಚೆ ಹೋಗೋಕೆ ದಾರೀನೂ ಬೇಕು. ವಾಷಿಂಗ್ ಮೆಷಿನ್ನಿಗೂ ಅಷ್ಟೇ. ಒಂದು ಮರೆತ್ರೆ ಟೈಲ್ಸ್ ಒಡೀಬೇಕು. ಬಾಗಿಲು ಯಾವ ಕಡೆ ತೆರೆಯುತ್ತೆ ಅಂತಾನೂ ಗುರುತು ಹಾಕು. ಎಷ್ಟು ಮನೇಲಿ ನೋಡಿಲ್ಲ, ರೂಮೊಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೇ ಸ್ವಿಚ್ಚು ಕೈಗೆ ಸಿಗೋದು!

ನಮ್ಮಪ್ಪ ಕೆಜಿಎಫ್ ಚಿನ್ನದ ಗಣಿ ಚಾಂಪಿಯನ್ ರೀಫ್‌ನಲ್ಲಿ ಕೇಬಲ್ ಕೆಲಸದಲ್ಲಿದ್ರು. ಮೂರು ಕಿಲೋಮೀಟರ್‌ಗೂ ಆಳ ಹೋದ ಗಣಿ ಅದು. ಕೆಳಗೆ ಗಾಳಿ ಪೈಪು, ನೀರಿನ ಪೈಪು, ಕರೆಂಟು ಕೇಬಲ್ಲು, ಎಲ್ಲಾ ಬಂಡೆ ಗೋಡೆ ಮೇಲೇ, ಲ್ಯಾಂಪ್ ಎತ್ತಿದ್ರೆ ಕಾಣೋ ಹಾಗೆ. ಬಂಡೆ ಸಿಡಿದು ಪೈಪು ಒಡೆದ್ರೆ ಎಲ್ಲಿ ಅಂತ ಹುಡುಕ್ತಾ ಕೂರೋಕಾಗುತ್ತಾ? ನಾವು ಇದ್ದ ಗಣಿ ಕೆಲಸದವರ ಲೈನ್ ಮನೇಲಿ ಬಚ್ಚಿಡೋ ಮಾತೇ ಇರಲಿಲ್ಲ ಬಿಡು. ಬಿದಿರು ತಟ್ಟಿ ಗೋಡೆ, ತಗಡಿನ ಸೂರು, ನೀರಿಗೆ ಬೀದಿ ನಲ್ಲಿ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ಕೆಜಿಎಫ್‌ಗೆ ಕರೆಂಟು ತಂದ್ರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ಕ್ಕೆ, ನಮಗಿಂತ ಆಮೇಲೆ! ಆದ್ರೆ ಬಂದ ಕರೆಂಟು ಮೊದಲು ಹೋಗಿದ್ದು ಯಂತ್ರಗಳಿಗೆ, ಆಮೇಲೆ ದೊರೆಗಳ ಬಂಗಲೆಗೆ. ಲೈನ್ ಮನೆಯವರು ಸೀಮೆಎಣ್ಣೆ ಬುಡ್ಡೀಲೇ ಬಹಳ ಕಾಲ ತಳ್ಳಿದ್ರು. ಇರಲಿ, ಮಾತು ಎಲ್ಲಿಗೋ ಹೋಯ್ತು.

ಈಗ ಎಲ್ಲಾ ಗೋಡೆ ಒಳಗೆ. ನೋಡೋಕೆ ಚಂದ, ಒಪ್ತೀನಿ. ಅದಕ್ಕೇ ಹೇಳೋದು, ಮುಚ್ಚೋ ಮುಂಚೆ ಫೋಟೋ ತೆಗಿ. ಸುಮ್ನೆ ತೆಗೆದ್ರೆ ಪ್ರಯೋಜನ ಇಲ್ಲ. ನೆಲದಿಂದ ಒಂದು ಟೇಪು, ಮೂಲೆಯಿಂದ ಒಂದು ಟೇಪು ಹಿಡಿಸಿ, ಅಂಕಿ ಓದೋ ಹಾಗೆ ತೆಗಿ. ನಾಳೆ ದೇವರ ಪಟ ತೂಗುಹಾಕೋಕೆ ಡ್ರಿಲ್ ಹಿಡಿಯೋನಿಗೆ ಪೈಪು ಎಲ್ಲಿದೆ ಅಂತ ಗೊತ್ತಿರಬೇಕಲ್ಲ.

ಕಟಿಂಗ್ ಮೆಷಿನ್ನು ಕಾಲಮ್ ಮೇಲೆ ಇಡೋಕೆ ಮಾತ್ರ ಬಿಡಬೇಡ. ಕಂಬಿಗೆ ತಗುಲಿದ್ರೆ ಕಟ್ಟಡಕ್ಕೇ ಪೆಟ್ಟು. ಗೋಡೆಗೆ ಅಡ್ಡಡ್ಡ ಉದ್ದಕ್ಕೆ ಸೀಳೋದೂ ಬೇಡ, ಮೇಲಿಂದ ಕೆಳಕ್ಕೆ ನೇರ ಇಳಿಸಲಿ. ಪೈಪು ಕೂರಿಸಿ, ಮುಚ್ಚಿ, ಮೇಲೆ ಚಿಕನ್ ಮೆಶ್ ಹೊಡೆದು ಗಾರೆ ಮಾಡಿದ್ರೆ ಆ ಗೆರೆಯಲ್ಲೇ ಬಿರುಕು ಬಿಡಲ್ಲ. ಬಚ್ಚಲಲ್ಲಿ ಡೈವರ್ಟರ್ ಕೂರಿಸೋವಾಗ ನೀನೇ ನಿಂತ್ಕೊ. ಇಟ್ಟಿಗೆ ಮೇಲೆ ಗಾರೆ, ಗಾರೆ ಮೇಲೆ ಟೈಲ್ಸ್, ಹತ್ತಿರ ಹತ್ತಿರ ಒಂದಿಂಚು ಮುಂದೆ ಬರುತ್ತೆ. ಅದನ್ನ ಲೆಕ್ಕ ಹಾಕದೆ ಇಟ್ಟಿಗೆ ಮಟ್ಟಕ್ಕೇ ಕೂರಿಸಿದ್ರೆ ಆಮೇಲೆ ಹಿಡಿ ಕೂರಲ್ಲ. ನೀರಿನ ಪೈಪಿಗೆಲ್ಲ ಬಿರಡೆ ಹಾಕಿ, ಪಂಪಲ್ಲಿ ಪ್ರೆಶರ್ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಗ್ಗೆ ಮುಳ್ಳು ಇಳಿದಿದ್ರೆ ಎಲ್ಲೋ ಸೋರ್ತಿದೆ ಅಂತ. ಇಟ್ಟಿಗೆ ಕಾಣ್ತಿರೋವಾಗ ಅದನ್ನ ಸರಿಮಾಡೋದು ಅರ್ಧ ಗಂಟೆ ಕೆಲಸ.

ನಮ್ಮೂರ ನೀರಿನ ವಿಷಯ ಬೇರೇನೇ ಇದೆ. ವರ್ಷವೆಲ್ಲ ಹರಿಯೋ ಹೊಳೆ ಕೋಲಾರ ಜಿಲ್ಲೆಯಲ್ಲಿ ಒಂದೂ ಇಲ್ಲ. ಬೋರು ಸಾವಿರ ಅಡಿ ಮುಟ್ಟುತ್ತೆ, ಬರೋ ನೀರಲ್ಲಿ ಫ್ಲೋರೈಡು, ಗಡಸು ಬೇರೆ. ಗೀಸರ್ ಕಾಯಿಲಿಗೆ ಸುಣ್ಣ ಕಟ್ಟಿ, ಬಿಚ್ಚಿದ್ರೆ ಬಿಳೀ ಹಕ್ಕಳೆ ಬೀಳುತ್ತೆ. 2023ರಲ್ಲಿ ಯರಗೋಳ್ ಡ್ಯಾಮ್ ಉದ್ಘಾಟನೆ ಆಯ್ತು, ಕೋಲಾರ, ಮಾಲೂರು, ಬಂಗಾರಪೇಟೆಗೆ ಕುಡಿಯೋ ನೀರಿಗೆ ಅಂತ. ಬೋರು, ನಲ್ಲಿ, ಟ್ಯಾಂಕರು, ಮೂರು ನೀರು ಬಳಸೋ ಜನ ನಾವು. ಮೂರನ್ನೂ ಒಂದೇ ಸಿಂಟೆಕ್ಸಿಗೆ ಸುರಿದು ಒಂದೇ ಪೈಪಲ್ಲಿ ಇಳಿಸಿದ್ರೆ, ಕಾಸು ಕೊಟ್ಟು ತರಿಸಿದ ನೀರಲ್ಲೇ ಕಕ್ಕಸು ತೊಳೀಬೇಕು. ಅಡುಗೆಮನೆಗೆ ಬೇರೆ ಲೈನು ಎಳೆಸು, ಬಚ್ಚಲಿಗೆ ಬೋರಿನದೇ ಸಾಕು. ಈಗ ಎರಡು ಉದ್ದ ಪೈಪು ಜಾಸ್ತಿ ಆಗಬಹುದು. ಆಮೇಲೆ ಅಂದ್ರೆ ಗೋಡೆ ಹೊರಗಡೆಯಿಂದ ತರಬೇಕು.

ಇನ್ವರ್ಟರ್ ಈಗ ತರಲ್ವಾ? ತರದಿದ್ರೆ ಬೇಡ, ವೈರು ಮಾತ್ರ ಬೇರೆ ಎಳೆಸಿಡು. ಯಾವ ಫ್ಯಾನು, ಯಾವ ಲೈಟು ಅದರ ಮೇಲೆ ಅಂತ ಈಗಲೇ ಹೇಳಬೇಕು.

ನಿಮ್ಮೆಜಮಾನ್ರು ಬೆಳಗಾಗೋ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಹೋದ್ರೆ ಬರೋದು ಕತ್ತಲಾದ ಮೇಲೆ. ನಿಮ್ಮ ಎಲೆಕ್ಟ್ರಿಷಿಯನ್ನೂ ಮಾರಿಕುಪ್ಪಂನಿಂದ ಅದೇ ರೈಲಲ್ಲಿ ಬರೋನು, ಪ್ಲಂಬರೂ ಅಷ್ಟೇ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಅಲ್ಲಿನ ಮಕ್ಕಳಿಗೆ ರೈಲೇ ಗತಿ ಆಯ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆಲ್ಲ ಪೈಪು ಎಳೆಯೋ ಹುಡುಗ್ರು ಊರವರ ಕೈಗೆ ಸಿಗೋದು ಭಾನುವಾರ. ಈ ಭಾನುವಾರ ಇಬ್ರನ್ನೂ ಒಟ್ಟಿಗೆ ನಿಲ್ಲಿಸ್ಕೊ. ಬೇರೆ ಬೇರೆ ದಿನ ಬಂದ್ರೆ ಇವನು ಹಾಕಿದ್ದನ್ನ ಅವನು ಕೊಯ್ದು ಹೋಗ್ತಾನೆ, ಕೇಳಿದ್ರೆ "ನಾನಲ್ಲ ಅಕ್ಕ" ಅಂತಾನೆ.

ಹ್ಞಾ, ಸೋಲಾರ್ ಹಾಕಿಸ್ತೀವಿ ಅಂದಿದ್ರಲ್ಲ, ಬಿಸಿನೀರಿನ ಪೈಪು ಟೆರೇಸಿಂದ ಬಚ್ಚಲಿಗೆ ಯಾವ ಗೋಡೇಲಿ ಇಳೀತಿದೆ? ಏನು, ಅದನ್ನ ಹೇಳೇ ಇಲ್ವಾ? ಹಾಗಾದ್ರೆ ಮೇಸ್ತ್ರಿಗೆ ಈಗಲೇ ಫೋನ್ ಮಾಡಮ್ಮ. ಸೋಮವಾರ ಬೇಡಪ್ಪ, ಇನ್ನೊಂದು ಭಾನುವಾರ ಕಳೀಲಿ ಅನ್ನು.