ಚಾ ನಿಮ್ಮದು, ಸಲಹೆ ಊರಿನದು

ಬಜಪೆ ಪೇಟೆಯಲ್ಲಿ ಕೂತು ಸಿನಿಮಾ ಮಾಡುತ್ತೇನೆ ಎಂದು ಬಾಯಿ ಬಿಡಬೇಡಿ. ಚಾ ಬರುವ ಮೊದಲು ಸಲಹೆ ಬರುತ್ತದೆ. ಬಿಲ್ಲು ಮಾತ್ರ ನಿಮ್ಮದೇ.

"ದೈವದ ಕಥೆ ಮಾಡು ಮಾರಾಯ. 'ಕಾಂತಾರ' ನೋಡಲಿಲ್ವಾ?"

2022ರ ಸೆಪ್ಟೆಂಬರಿನಲ್ಲಿ ಆ ಸಿನಿಮಾ ಬರುವ ತನಕ ಇದೇ ಬಾಯಿ, ಕಾಮಿಡಿ ಬಿಟ್ಟರೆ ಬೇರೆ ಯಾವುದೂ ಓಡುವುದಿಲ್ಲ ಎನ್ನುತ್ತಿತ್ತು. 2014ರಲ್ಲಿ ಬಂದ ತುಳು ಕಾಮಿಡಿ 'ಚಾಲಿ ಪೋಲಿಲು' 500 ದಿನ ದಾಟಿತಲ್ಲ, ಅದೇ ಆಗ ಶಾಸ್ತ್ರ. ಸರಿ, ದೈವದ ಕಥೆಯನ್ನೇ ಬರೆದುಕೊಂಡು ಹೋಗಿ. "ದೈವವನ್ನು ದುಡ್ಡಿಗೆ ಹಾಕ್ತೀಯಾ? ನಾಚಿಕೆ ಇಲ್ವಾ?" ಬಾಯಿ ಅದೇ. ಚಾ ಎರಡನೆಯದು.

"ರಿಷಬ್ ಶೆಟ್ಟಿಯನ್ನು ನೋಡಿ ಕಲಿ." ಕಲಿಯೋಣ. 'ಕಾಂತಾರ'ದ ಈ ನಿರ್ದೇಶಕರು ಮೊದಲು ನಿರ್ದೇಶಿಸಿದ್ದು 2016ರ 'ರಿಕ್ಕಿ'. ಹೆಸರೆತ್ತಿ ನೋಡಿ. "ಅದು ಯಾವುದು?" ಗೆದ್ದವನ ಊರು ಎಲ್ಲರಿಗೂ ಗೊತ್ತು, ಅವನು ಅಲೆದ ಬೀದಿ ಯಾರಿಗೂ ಬೇಡ.

ಇನ್ನೊಬ್ಬರದು ಗಂಭೀರ ಧಾಟಿ. "ನಮ್ಮ ಮಣ್ಣಿನ ಕಥೆ ಹೇಳು." ನಿರ್ದೇಶಕ ಅಭಯ ಸಿಂಹ ಹೇಳಿದರು. ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ನನ್ನು ಕರಾವಳಿಯ ಮೊಗವೀರರ ನಡುವೆ ತಂದು 'ಪಡ್ಡಾಯಿ' ಮಾಡಿದರು. ರಾಷ್ಟ್ರಪ್ರಶಸ್ತಿಯೂ ಬಂತು. ನೋಡಿದಿರಾ ಎಂದು ಕೇಳಿ. "ಅದು ಅವಾರ್ಡ್ ಸಿನಿಮಾ ಅಲ್ವಾ, ಯೂಟ್ಯೂಬಿಗೆ ಬಂದರೆ ನೋಡುವ." ಅದಕ್ಕೂ ಬಿಡುವು ಸಿಗಬೇಕಲ್ಲ!

ನಿರ್ಮಾಪಕರಿಗೇನೂ ಬರವಿಲ್ಲ. ವಿಮಾನ ನಿಲ್ದಾಣ ಇಲ್ಲೇ ಇದೆ. ಗಲ್ಫಿನಿಂದ ಬಂದಿಳಿಯುವ ಸಾಹುಕಾರರು ಕಥೆ ಕೇಳುತ್ತಾರೆ, ಕಣ್ಣು ಮೊಬೈಲಿನಲ್ಲಿ. ಅರ್ಧಕ್ಕೇ ತಡೆದು, "ಎಲ್ಲ ಚಂದ ಉಂಟು. ನನ್ನ ಅಳಿಯನಿಗೆ ಯಾವ ಪಾತ್ರ?" ಅಳಿಯನಿಗೆ ತುಳು ನೆಟ್ಟಗೆ ಬರುವುದಿಲ್ಲ. ಪರವಾಗಿಲ್ಲ, ಡಬ್ಬಿಂಗ್ ಇದೆ. ಪೋಸ್ಟರಿನಲ್ಲಿ ನಿರ್ಮಾಪಕರ ಮುಖ ನಾಯಕಿಯ ಮುಖಕ್ಕಿಂತ ದೊಡ್ಡದು. ನಿರ್ದೇಶಕನ ಹೆಸರು ಕೆಳಗೆ, ಪ್ರೆಸ್ಸಿನ ಹೆಸರಿನ ಪಕ್ಕ.

ಇನ್ನು ಭಾಷೆ ಉಳಿಸುವವರು. ಮೊದಲ ತುಳು ಚಿತ್ರ 'ಎನ್ನ ತಂಗಡಿ' ಬಂದದ್ದು 1971ರಲ್ಲಿ. ಆ ಇಸವಿಯನ್ನು ಇವರು ವೇದಿಕೆಯಲ್ಲಿ ಮಂತ್ರದಂತೆ ಹೇಳುತ್ತಾರೆ. ಶಾಲು ಹೊದಿಯುತ್ತಾರೆ. ಮನೆಗೆ ಹೋಗಿ ಮೊಮ್ಮಕ್ಕಳ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ತುಳು ಸಿನಿಮಾ ಓಡುತ್ತಿದ್ದ ಮಂಗಳೂರಿನ ಜ್ಯೋತಿ ಟಾಕೀಸು ಮುಚ್ಚಿ ವರ್ಷಗಳಾದವು. ಸಿಟಿ ಬಸ್ಸಿನ ಕಂಡಕ್ಟರ್ ಆ ಸ್ಟಾಪಿಗೆ ಈಗಲೂ "ಜ್ಯೋತಿ, ಜ್ಯೋತಿ" ಎಂದು ಕೂಗುತ್ತಾನೆ. ಉಳಿಸಿದ ಪುಣ್ಯಾತ್ಮ ಅವನೊಬ್ಬನೇ.

ಹೊಸ ಹುಡುಗರೇ, ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ. ಸೆನ್ಸಾರ್ ಕಚೇರಿ ಬೆಂಗಳೂರಿನಲ್ಲಿದೆ, ಒಂದು ರಾತ್ರಿಯ ಬಸ್ಸು. ಸಬ್ಸಿಡಿಗೆ ಅರ್ಜಿ ಹಾಕಿ, ಆದರೆ ಅದನ್ನು ನಂಬಿ ಸಾಲ ಮಾಡಬೇಡಿ. ಡೈಲಾಗ್ ಕೇಳುವ ಹಾಗೆ ಶಬ್ದ ಹಿಡಿಯಲು ಕಲಿಯಿರಿ. ಡ್ರೋನ್ ಶಾಟ್ ಆಮೇಲೆ. ಕಡಲು ಎಲ್ಲಿಗೂ ಓಡುವುದಿಲ್ಲ.

ಎಲ್ಲ ಮುಗಿದು ಒಂದು ಶುಕ್ರವಾರ ಸಿನಿಮಾ ಬರುತ್ತದೆ. ಮೊದಲ ಫೋನ್ ನಿಮ್ಮ ಹಳೆಯ ಸಲಹೆಗಾರರದೇ.

"ಕಂಗ್ರಾಟ್ಸ್ ಮಾರಾಯ. ಪಾಸ್ ಉಂಟಾ? ಒಂದು ಎಂಟು ಇಡು, ಮನೆಯವರೂ ಬರ್ತಾರೆ."