ಪದಮೂಲ ಪಂಡಿತರಾಗುವ ಸುಲಭ ವಿಧಾನ

ಮೊದಲು ಜಾಗ ಆರಿಸಿಕೊಳ್ಳಿ. ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೋಗುವಾಗ ಸಿಗುವ ಹಂಗಳ ಇದಕ್ಕೆಂದೇ ಹೇಳಿ ಮಾಡಿಸಿದ ಊರು. ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವುದೂ ಇಲ್ಲೇ. ಮಳೆಗಾಲದಲ್ಲಿ ಬನ್ನಿ. ಚೆಂಡುಹೂವಿನ ಹೊಲ ಕಂಡವರೆಲ್ಲ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಿರುತ್ತಾರೆ. ಕೇಳುವ ಕಿವಿಗಳಿಗೆ ಬರವಿಲ್ಲ.

ಬದುವಿನ ಮೇಲೆ ನಿಲ್ಲಿ. ಮಾಲೀಕರು ಅತ್ತ ನೋಡುವಾಗ ಒಂದು ಹೂ ಕಿತ್ತು, ಎಸಳುಜ್ಜಿ, ಬೆರಳಿಗೆ ಅಂಟಿದ ಬಣ್ಣ ತೋರಿಸಿ. "ಇದು ಪೂಜೆಗಲ್ಲ ಸ್ವಾಮಿ, ಫ್ಯಾಕ್ಟರಿಗೆ. ಒಣಗಿಸಿ ಪುಡಿ ಮಾಡಿ ಲ್ಯೂಟೀನ್ ತೆಗೀತಾರೆ. ಕಣ್ಣಿನ ಮಾತ್ರೆಗೂ ಹೋಗುತ್ತೆ, ಮೊಟ್ಟೆಯ ಭಂಡಾರಕ್ಕೆ ಬಣ್ಣ ಬರಲಿ ಅಂತ ಕೋಳಿ ಮೇವಿಗೂ ಹೋಗುತ್ತೆ" ಎನ್ನಿ. ಇಷ್ಟು ನಿಜ. ನಿಜವನ್ನು ಮೊದಲೇ ಖರ್ಚು ಮಾಡಿಬಿಡುವುದು ಕ್ಷೇಮ.

ಈಗ ದನಿ ತಗ್ಗಿಸಿ. "ಲ್ಯೂಟೀನ್ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ನಮ್ಮ ಲೂಟಿಯಿಂದ!" ಇಂಗ್ಲಿಷಿನ ಲೂಟ್ ನಿಜಕ್ಕೂ ಹಿಂದಿಯಿಂದ ಹೋದದ್ದು, ಅದನ್ನು ಪಕ್ಕದಲ್ಲೇ ನಿಲ್ಲಿಸಿ. ಸುಳ್ಳಿಗೆ ಇಷ್ಟು ಜಾಮೀನು ಸಾಕು.

ಮೇಷ್ಟರೊಬ್ಬರು ಅಡ್ಡ ಬರುತ್ತಾರೆ. ಲ್ಯಾಟಿನ್ನಿನ ಲೂಟಿಯಸ್ ಎಂದರೆ ಹಳದಿ, ಹಳದಿ ಬಣ್ಣ ಕೊಡುವ ಲೂಟುಮ್ ಎಂಬ ಗಿಡದಿಂದ ಬಂದದ್ದು ಎನ್ನುತ್ತಾರೆ. ವಾದಿಸಬೇಡಿ. "ಲುಟುಮ್ ಅಂದ್ರೆ ಕೆಸರು ಅಲ್ವಾ ಮೇಷ್ಟ್ರೇ?" ಎಂದು ಹ್ರಸ್ವ ದೀರ್ಘ ಕಲಸಿಬಿಡಿ. ಅದಕ್ಕೂ ಬಗ್ಗದಿದ್ದರೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳನ್ನು ಎಳೆದು ತನ್ನಿ. ನಾಣ್ಯ ಬಂದ ದಾರಿಯಲ್ಲಿ ಪದ ಹೋಗಿರದೆ ಇರುತ್ತದೆಯೇ? ಚೆಂಡುಹೂವಿನ ತವರು ಅಮೆರಿಕ ಖಂಡ, ರೋಮನ್ನರು ಅದನ್ನು ಕಂಡವರೇ ಅಲ್ಲ ಎಂಬುದನ್ನು ಮಾತ್ರ ಬಾಯಿ ಬಿಡಬೇಡಿ.

ಕೈಯಲ್ಲಿ ಇನ್ನೊಂದು ಪದ ಇರಲಿ. ಸ್ಯಾಲರಿಯೊಳಗೆ ಲ್ಯಾಟಿನ್ನಿನ ಉಪ್ಪು, ಸಾಲ್, ಇರುವುದು ಹೌದು. ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪನ್ನೇ ಕೊಡುತ್ತಿದ್ದರು ಎನ್ನುವುದಕ್ಕೆ ಆಧಾರವಿಲ್ಲ. ಆದ್ದರಿಂದ ಅದನ್ನೇ ಒತ್ತಿ ಹೇಳಿ. ಸಂಬಾ ಅಕ್ಕಿಗೆ ಉಪ್ಪಿನ ಅಳಂ ಸೇರಿ ಸಂಬಳವಾಯಿತೆಂಬ ತಮಿಳರ ಕಥೆಯನ್ನೂ ಗಡಿ ದಾಟಿಸಿ ತಂದುಕೊಳ್ಳಿ.

1894ರ ಕಿಟ್ಟೆಲ್ ನಿಘಂಟನ್ನು ಮನೆಯ ಶೋಕೇಸಿನಲ್ಲಿ ಬಂದವರಿಗೆ ಕಾಣುವಂತೆ ಇಡಿ. ತೆರೆಯಬೇಡಿ, ತೆರೆದವರ ಮಾತಿನಲ್ಲಿ "ಬಹುಶಃ" ಸೇರಿಕೊಳ್ಳುತ್ತದೆ.

ಕೊನೆಯ ಎಚ್ಚರಿಕೆ. ಹೂ ಬೆಳೆದವರ ಮುಂದೆ ಈ ಪ್ರಯೋಗ ಬೇಡ. ಲ್ಯೂಟೀನ್ ಲೂಟಿಯಿಂದಲೇ ಬಂತೆಂದು ಅವರು ತಕ್ಷಣ ಒಪ್ಪಿಬಿಡುತ್ತಾರೆ. ಆಮೇಲೆ ಕೆಜಿ ಹೂವಿಗೆ ಸಿಕ್ಕಿದ್ದೆಷ್ಟು, ಮಾತ್ರೆಯ ಡಬ್ಬಿಗೆ ಬೆಲೆ ಎಷ್ಟು ಎಂದು ಲೆಕ್ಕ ತೆಗೆಯುತ್ತಾರೆ. ಅಷ್ಟರೊಳಗೆ ಊಟಿ ಬಸ್ಸು ಹತ್ತಿಕೊಳ್ಳಿ.